ಎಮ್ಮೆಟ್ ಟಿಲ್ ಪ್ರಕರಣ: ಪರೀಕ್ಷೆಗೆ ಒಳಗಾಗದ ಆರೋಪ ಮತ್ತು ಅದರ ಕಾನೂನು ಚರಿತ್ರೆ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ನ್ಯಾಯಶಾಸ್ತ್ರಕ್ಕೂ ವೈದ್ಯಶಾಸ್ತ್ರಕ್ಕೂ ಇದು ಸಮಾನವಾಗಿ ಸಲ್ಲುತ್ತದೆ. ರೋಗಿಯ ಮಾತನ್ನು ವೈದ್ಯನು ಪರೀಕ್ಷೆಯಿಂದ ಒರೆಹಚ್ಚುವಂತೆ, ದೂರುದಾರನ ಮಾತನ್ನು ನ್ಯಾಯಾಲಯವು ಸಾಕ್ಷ್ಯದಿಂದ ಒರೆಹಚ್ಚಬೇಕು. ಈ ಎರಡೂ ಕರ್ತವ್ಯಗಳು ಒಂದೇ ಪ್ರಕರಣದಲ್ಲಿ ಒಟ್ಟಿಗೆ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಇತಿಹಾಸದಲ್ಲಿ ಎಮ್ಮೆಟ್ ಟಿಲ್ ಎಂಬ ಬಾಲಕನ ಕೊಲೆಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

1955ರ ಆಗಸ್ಟ್ 24ರಂದು ಮಿಸಿಸಿಪ್ಪಿ ರಾಜ್ಯದ ಒಂದು ಕಿರಾಣಿ ಅಂಗಡಿಯಲ್ಲಿ ಹುಟ್ಟಿದ ಆರೋಪವು ನಾಲ್ಕೇ ದಿನಗಳಲ್ಲಿ ಹದಿನಾಲ್ಕು ವರ್ಷದ ಹುಡುಗನ ಪ್ರಾಣ ತೆಗೆಯಿತು. ಕೊಲೆಗಾರರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಲು ಜ್ಯೂರಿಗೆ 67 ನಿಮಿಷ ಸಾಕಾಯಿತು. ಆದರೆ ಆ ಪ್ರಕರಣದ ಕೊನೆಯ ಕಡತ ಮುಚ್ಚಲು 67 ವರ್ಷಗಳು, ಅಂದರೆ 2022ರವರೆಗೆ, ಬೇಕಾದವು. ಆರೋಪ, ದೇಹ, ಕಾನೂನು ಎಂಬ ಮೂರು ಎಳೆಗಳನ್ನು ಹಿಡಿದು ಪ್ರಕರಣವನ್ನು ಕ್ರಮವಾಗಿ ನೋಡುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಕಪ್ಪು ಜನಾಂಗದ ಪುರುಷನ ಮೇಲೆ ಆರೋಪ ಹೊರಿಸಿ, ವಿಚಾರಣೆಯಿಲ್ಲದೆ ಗುಂಪಾಗಿ ಕೊಲ್ಲುವ ಕ್ರೌರ್ಯಕ್ಕೆ ಅಮೆರಿಕದಲ್ಲಿ ‘ಲಿಂಚಿಂಗ್’ ಎಂಬ ಹೆಸರು ಬಂದಿದೆ. ಟಸ್ಕೀಗಿ ಸಂಸ್ಥೆಯ ದಾಖಲೆಗಳ ಪ್ರಕಾರ 1882ರಿಂದ 1968ರವರೆಗೆ ಆ ದೇಶದಲ್ಲಿ 4,743 ಮಂದಿ ಹೀಗೆ ಹತರಾದರು; ಅವರಲ್ಲಿ 3,446 ಮಂದಿ ಕಪ್ಪು ಜನಾಂಗದವರು. ರಾಜ್ಯವಾರು ಎಣಿಕೆಯಲ್ಲಿ 581 ಹತ್ಯೆಗಳೊಂದಿಗೆ ಮಿಸಿಸಿಪ್ಪಿಯೇ ಮೊದಲ ಸ್ಥಾನದಲ್ಲಿದೆ. ಬಿಳಿಯ ಸ್ತ್ರೀಯ ಮಾನಕ್ಕೆ ಭಂಗ ತಂದನೆಂಬುದು ಈ ಕೊಲೆಗಳಿಗೆ ಪದೇ ಪದೇ ಕೊಡಲಾಗುತ್ತಿದ್ದ ಸಮರ್ಥನೆ. ಈ ಆರೋಪಗಳು ಬಹಳ ಸಲ ಕೇವಲ ನೆಪವೆಂಬುದನ್ನು ಪತ್ರಕರ್ತೆ ಐಡಾ ಬಿ. ವೆಲ್ಸ್ 1892ರಷ್ಟು ಹಿಂದೆಯೇ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ್ದರು.

1955ರ ಮಿಸಿಸಿಪ್ಪಿಯಲ್ಲಿ ಈ ಹಳೆಯ ರೋಗ ಮತ್ತೆ ಉಲ್ಬಣಿಸಿತ್ತು. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 1954ರ ಮೇ 17ರಂದು ‘ಬ್ರೌನ್’ ಮೊಕದ್ದಮೆಯಲ್ಲಿ ತೀರ್ಪಿತ್ತಿತ್ತು. ದಕ್ಷಿಣದ ಬಿಳಿಯರಲ್ಲಿ ಅದು ತೀವ್ರ ರೋಷ ಹುಟ್ಟಿಸಿತ್ತು. ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ದುಡಿಯುತ್ತಿದ್ದ ಪಾದ್ರಿ ಜಾರ್ಜ್ ಲೀ ಅವರನ್ನು 1955ರ ಮೇ 7ರಂದು, ಲಾಮಾರ್ ಸ್ಮಿತ್ ಅವರನ್ನು ಆಗಸ್ಟ್ 13ರಂದು ಗುಂಡಿಟ್ಟು ಕೊಲ್ಲಲಾಯಿತು. ಎರಡನೆಯ ಕೊಲೆ ನಡೆದದ್ದು ಹಗಲಿನಲ್ಲಿ, ನ್ಯಾಯಾಲಯದ ಅಂಗಳದಲ್ಲೇ. ಯಾರಿಗೂ ಶಿಕ್ಷೆಯಾಗಲಿಲ್ಲ. ಇದಾದ ಒಂದು ವಾರಕ್ಕೆ ಎಮ್ಮೆಟ್ ಟಿಲ್ ಷಿಕಾಗೋದಿಂದ ಮಿಸಿಸಿಪ್ಪಿಯ ರೈಲು ಹತ್ತಿದ.

ಅಂಗಡಿಯಲ್ಲಿ ನಡೆದದ್ದು

ಎಮ್ಮೆಟ್ ಹುಟ್ಟಿದ್ದು 1941ರ ಜುಲೈ 25ರಂದು, ಷಿಕಾಗೋದಲ್ಲಿ. ತಾಯಿ ಮೇಮಿ ಮಿಸಿಸಿಪ್ಪಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಉತ್ತರಕ್ಕೆ ವಲಸೆ ಬಂದ ಕುಟುಂಬದವರು. ಷಿಕಾಗೋದ ವಾಯುಪಡೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರು. ಆರನೆಯ ವಯಸ್ಸಿನಲ್ಲಿ ಬಂದ ಪೋಲಿಯೊದಿಂದ ಹುಡುಗ ಚೇತರಿಸಿಕೊಂಡರೂ ಮಾತಿನಲ್ಲಿ ತೊದಲು ಉಳಿಯಿತು. ತೊಡಕಿನ ಅಕ್ಷರ ಬಂದಾಗ ಮೊದಲು ಸಿಳ್ಳೆ ಹಾಕಿ ಉಸಿರನ್ನು ಹದಕ್ಕೆ ತಂದುಕೊಳ್ಳುವಂತೆ ತಾನೇ ಕಲಿಸಿದ್ದೆನೆಂದು ತಾಯಿ ಮುಂದೆ ಹೇಳಿದ್ದುಂಟು. ಬೇಸಿಗೆ ರಜೆಯ ಕೊನೆಯ ದಿನಗಳನ್ನು ಅಜ್ಜಿಯ ಕಡೆಯ ಬಂಧು ಮೋಸಸ್ ರೈಟ್ ಅವರ ಮನೆಯಲ್ಲಿ ಕಳೆಯಲು ಎಮ್ಮೆಟ್ ಆಗಸ್ಟ್ 20ರಂದು ಹೊರಟ. ಬಿಳಿಯರೆದುರು ಹೇಗೆ ತಲೆತಗ್ಗಿಸಿ ನಡೆಯಬೇಕೆಂದು ತಾಯಿ ಹೇಳಿ ಕಳುಹಿಸಿದ್ದರು.

ಆಗಸ್ಟ್ 24ರ ಬುಧವಾರ ಸಂಜೆ, ಹತ್ತಿ ಬಿಡಿಸುವ ಕೆಲಸ ಮುಗಿಸಿ ಹುಡುಗರ ಗುಂಪೊಂದು ‘ಮನಿ’ ಎಂಬ ಪುಟ್ಟ ಊರಿನ ಬ್ರಯಂಟ್ ಕಿರಾಣಿ ಅಂಗಡಿಗೆ ಹೋಯಿತು. ಅಂಗಡಿಯಲ್ಲಿದ್ದವರು ಮಾಲೀಕ ರಾಯ್ ಬ್ರಯಂಟನ ಹೆಂಡತಿ, 21 ವರ್ಷದ ಕ್ಯಾರೊಲಿನ್ ಬ್ರಯಂಟ್. ಬಬಲ್ ಗಮ್ ಕೊಳ್ಳಲು ಎಮ್ಮೆಟ್ ಒಳಗೆ ಹೋದ. ಅವನು ಆಕೆಯೊಂದಿಗೆ ಒಬ್ಬನೇ ಇದ್ದ ಅವಧಿ ಒಂದು ನಿಮಿಷಕ್ಕೂ ಕಡಿಮೆ ಎಂದು, ಅವನನ್ನು ಕರೆತರಲು ಒಳಹೊಕ್ಕ ಬಂಧು ಸಿಮಿಯನ್ ರೈಟ್ ಕೊನೆಯವರೆಗೂ ಹೇಳುತ್ತಿದ್ದರು. ಅವರು ಒಳಗೆ ಬಂದಾಗ ಅನುಚಿತವಾದುದೇನೂ ಅವರ ಕಣ್ಣಿಗೆ ಬೀಳಲಿಲ್ಲ. ಹುಡುಗರು ಹೊರಗೆ ಬಂದ ಮೇಲೆ ಕ್ಯಾರೊಲಿನ್ ಕೂಡ ಹೊರಬಂದರು. ಆಗ ಎಮ್ಮೆಟ್ ಒಂದು ಸಿಳ್ಳೆ ಹಾಕಿದ. ಇದನ್ನು ಸಿಮಿಯನ್ ರೈಟ್ ಮತ್ತು ವೀಲರ್ ಪಾರ್ಕರ್ ಇಬ್ಬರೂ ಮರೆಮಾಚದೆ ಒಪ್ಪಿದ್ದಾರೆ. ದಕ್ಷಿಣದಲ್ಲೇ ಬೆಳೆದ ಹುಡುಗರಿಗೆ ಆ ಸಿಳ್ಳೆಯ ಅರ್ಥ ತಿಳಿದಿತ್ತು. ಭಯದಿಂದ ಎಲ್ಲರೂ ಕಾರು ಹತ್ತಿ ಓಡಿದರು.

ಅಪಹರಣ ಮತ್ತು ಕೊಲೆ

ರಾಯ್ ಬ್ರಯಂಟ್ ಅಂದು ಊರಿನಲ್ಲಿರಲಿಲ್ಲ. ಮರಳಿದ ಮೇಲೆ ಮಾತು ಅವನ ಕಿವಿಗೆ ಬಿತ್ತು. ಆಗಸ್ಟ್ 28ರ ನಸುಕಿನ ಸುಮಾರು ಎರಡೂವರೆ ಗಂಟೆಗೆ ಅವನು ಮತ್ತು ಅವನ ಮಲಸಹೋದರ ಜೆ. ಡಬ್ಲ್ಯೂ. ಮೈಲಮ್, ಪಿಸ್ತೂಲು ಹಿಡಿದು ಮೋಸಸ್ ರೈಟ್ ಅವರ ಮನೆಗೆ ನುಗ್ಗಿ, ಮಲಗಿದ್ದ ಹುಡುಗನನ್ನು ಎಬ್ಬಿಸಿ ಕರೆದೊಯ್ದರು. ಹೊರಗೆ ನಿಂತಿದ್ದ ವಾಹನದೊಳಗಿದ್ದವರನ್ನು ‘ಇವನೇನಾ?’ ಎಂದು ಅವರು ಕೇಳಿದರು. ಹೌದೆಂದು ಬಂದ ದನಿ ಗಂಡಸಿನ ದನಿಗಿಂತ ತೆಳುವಾಗಿತ್ತು ಎಂದು ಮೋಸಸ್ ರೈಟ್ ನ್ಯಾಯಾಲಯದಲ್ಲಿ ಹೇಳಿದರು. ಈ ವಾಕ್ಯವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಆರು ದಶಕಗಳ ಕಾನೂನು ಪ್ರಶ್ನೆ ಇದರ ಸುತ್ತಲೇ ಸುತ್ತಿತು.

ಮೂರು ದಿನಗಳ ನಂತರ, ಆಗಸ್ಟ್ 31ರಂದು, ಮೀನು ಹಿಡಿಯುತ್ತಿದ್ದ ಹುಡುಗನೊಬ್ಬ ಟ್ಯಾಲಹ್ಯಾಚಿ ನದಿಯಲ್ಲಿ ಶವವನ್ನು ಕಂಡ. ಹತ್ತಿ ಜಿನ್ನಿನ 75 ಪೌಂಡ್ ತೂಕದ, ಅಂದರೆ ಸುಮಾರು 34 ಕಿಲೊ ಭಾರದ, ಕಬ್ಬಿಣದ ಫ್ಯಾನನ್ನು ಮುಳ್ಳುತಂತಿಯಿಂದ ಅದರ ಕೊರಳಿಗೆ ಬಿಗಿಯಲಾಗಿತ್ತು. ಮುಖ ಗುರುತು ಸಿಗದಷ್ಟು ಜಜ್ಜಿಹೋಗಿತ್ತು. ಬೆರಳಿನಲ್ಲಿ ಬೆಳ್ಳಿಯ ಉಂಗುರವಿತ್ತು. ಅದರ ಮೇಲೆ ‘ಎಲ್.ಟಿ.’ ಎಂಬ ಅಕ್ಷರಗಳೂ 1943ರ ಮೇ 25ರ ದಿನಾಂಕವೂ ಇದ್ದವು. ಅದು ಎಮ್ಮೆಟ್‌ನ ತಂದೆ ಲೂಯಿಸ್ ಟಿಲ್‌ನ ಉಂಗುರ. ಮೋಸಸ್ ರೈಟ್ ಶವವನ್ನು ಗುರುತಿಸಿದರು.

ತಾಯಿಯ ನಿರ್ಧಾರ

ಟ್ಯಾಲಹ್ಯಾಚಿ ಕೌಂಟಿಯ ಷೆರಿಫ್ ಎಚ್. ಸಿ. ಸ್ಟ್ರೈಡರ್ ಶವವನ್ನು ಅದೇ ದಿನ ಅಲ್ಲೇ ಹೂಳುವಂತೆ ಆದೇಶಿಸಿದ. ಕುಟುಂಬದವರು ಅದನ್ನು ತಡೆದು ಷಿಕಾಗೋಗೆ ಕಳುಹಿಸಿದರು. ಪೆಟ್ಟಿಗೆಯನ್ನು ತೆರೆಯಬಾರದೆಂಬ ಷರತ್ತಿನ ಮೇಲೆ ಬಂದ ಶವವನ್ನು ತಾಯಿ ತೆರೆಸಿದರು. ಪಾದದಿಂದ ಆರಂಭಿಸಿ ತಲೆಯವರೆಗೆ, ಅಂಗ ಅಂಗವನ್ನೂ ನೋಡಿ, ಹಲ್ಲು, ಕಿವಿ, ಕೂದಲಿನ ಅಂಚುಗಳಿಂದ ಮಗನೇ ಎಂದು ಖಚಿತಪಡಿಸಿಕೊಂಡರು. ಶವವನ್ನು ಗುರುತಿಸುವ ಕೆಲಸವನ್ನು ಇಷ್ಟು ಕ್ರಮಬದ್ಧವಾಗಿ ಮಾಡಿದವರು ಆ ಇಡೀ ಪ್ರಕರಣದಲ್ಲಿ ಬೇರೆ ಯಾರೂ ಇಲ್ಲ ಎಂಬುದನ್ನು ವೈದ್ಯನಾಗಿ ನಾನು ಗಮನಿಸಿದ್ದೇನೆ. ವೈದ್ಯಕೀಯ ತರಬೇತಿಯಿಲ್ಲದ ಆ ತಾಯಿಯ ಪರೀಕ್ಷೆ ಸರಿಯಾಗಿತ್ತೆಂದು ವಿಜ್ಞಾನ ಒಪ್ಪಲು ಐವತ್ತು ವರ್ಷ ಬೇಕಾಯಿತು.

ಮಗನಿಗಾದುದನ್ನು ಜಗತ್ತೇ ನೋಡಲಿ ಎಂದು ಆಕೆ ಪೆಟ್ಟಿಗೆಯನ್ನು ತೆರೆದೇ ಇಡಿಸಿದರು. ಸೆಪ್ಟೆಂಬರ್ 3ರಿಂದ ಷಿಕಾಗೋದ ರಾಬರ್ಟ್ಸ್ ಟೆಂಪಲ್ ಚರ್ಚಿನಲ್ಲಿ ಹತ್ತಾರು ಸಾವಿರ ಜನ ಸಾಲುಗಟ್ಟಿ ಆ ದೇಹವನ್ನು ಕಂಡರು. ‘ಜೆಟ್’ ವಾರಪತ್ರಿಕೆ ಛಾಯಾಚಿತ್ರವನ್ನು ಪ್ರಕಟಿಸಿತು. ಸೆಪ್ಟೆಂಬರ್ 6ರಂದು ಬರ್ ಓಕ್ ಸ್ಮಶಾನದಲ್ಲಿ ಅಂತ್ಯಸಂಸ್ಕಾರವಾಯಿತು. ಮರಣೋತ್ತರ ಪರೀಕ್ಷೆ ಮಾತ್ರ ನಡೆಯಲೇ ಇಲ್ಲ.

ಸಮ್ನರ್ ನ್ಯಾಯಾಲಯ

ವಿಚಾರಣೆ ಸೆಪ್ಟೆಂಬರ್ 19ರಿಂದ 23ರವರೆಗೆ ಸಮ್ನರ್ ಪಟ್ಟಣದಲ್ಲಿ, ನ್ಯಾಯಾಧೀಶ ಕರ್ಟಿಸ್ ಸ್ವಾಂಗೊ ಅವರ ಮುಂದೆ ನಡೆಯಿತು. ಜ್ಯೂರಿಯ ಹನ್ನೆರಡು ಮಂದಿಯೂ ಬಿಳಿಯ ಗಂಡಸರು. ಕೌಂಟಿಯ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನರಿದ್ದರೂ ಅವರಿಗೆ ಮತದಾರರ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಮತದಾರರಲ್ಲದವರಿಗೆ ಜ್ಯೂರಿಯಲ್ಲೂ ಸ್ಥಾನವಿಲ್ಲ. ಮಿಸಿಸಿಪ್ಪಿಯಲ್ಲಿ ಮಹಿಳೆಯರಿಗೆ ಆಗ ಜ್ಯೂರಿಯ ಹಕ್ಕೇ ಇರಲಿಲ್ಲ. ಕಪ್ಪು ಪತ್ರಕರ್ತರನ್ನೂ, ಮಿಷಿಗನ್ನಿನಿಂದ ಬಂದ ಸಂಸದ ಚಾರ್ಲ್ಸ್ ಡಿಗ್ಸ್ ಅವರನ್ನೂ ಒಂದು ಪುಟ್ಟ ಮೇಜಿನ ಸುತ್ತ ಪ್ರತ್ಯೇಕವಾಗಿ ಕೂರಿಸಲಾಯಿತು.

ಆದರೂ ಸಾಕ್ಷ್ಯ ದುರ್ಬಲವಾಗಿರಲಿಲ್ಲ. ಹುಡುಗನನ್ನು ಕರೆದೊಯ್ದದ್ದನ್ನು ಆರೋಪಿಗಳೇ ಪಕ್ಕದ ಲೆಫ್ಲೋರ್ ಕೌಂಟಿಯ ಷೆರಿಫನ ಮುಂದೆ ಒಪ್ಪಿದ್ದರು. ಮತ್ತೆ ಬಿಟ್ಟುಬಿಟ್ಟೆವು ಎಂಬುದಷ್ಟೇ ಅವರ ವಾದ. 64 ವರ್ಷದ ಮೋಸಸ್ ರೈಟ್ ಸಾಕ್ಷಿಕಟ್ಟೆಯಲ್ಲಿ ಎದ್ದು ನಿಂತು, ತುಂಬಿದ ಸಭೆಯಲ್ಲಿ ಬೆರಳು ನೀಡಿ ಅಪಹರಣಕಾರರನ್ನು ತೋರಿಸಿದರು. ಅಲ್ಲಿ ಕಪ್ಪು ಮನುಷ್ಯನೊಬ್ಬ ಬಿಳಿಯರನ್ನು ಹೀಗೆ ತೋರಿಸುವುದೆಂದರೆ ಪ್ರಾಣದ ಆಸೆ ಬಿಟ್ಟಂತೆ. 18 ವರ್ಷದ ವಿಲ್ಲಿ ರೀಡ್ ಆ ಬೆಳಗ್ಗೆ ಎಮ್ಮೆಟ್‌ನನ್ನು ಟ್ರಕ್ಕಿನ ಹಿಂಭಾಗದಲ್ಲಿ ಕಂಡುದನ್ನೂ, ಡ್ರೂ ಊರಿನ ಬಳಿಯ ಕೊಟ್ಟಿಗೆಯಿಂದ ಹೊಡೆತದ ಸದ್ದು, ಚೀರಾಟ ಕೇಳಿದ್ದನ್ನೂ ಹೇಳಿದ.

ಈ ಸಾಕ್ಷಿಗಳನ್ನು ಹುಡುಕಿ, ರಕ್ಷಿಸಿ, ನ್ಯಾಯಾಲಯಕ್ಕೆ ತಂದವರಲ್ಲಿ ಪ್ರಮುಖರು ಒಬ್ಬ ವೈದ್ಯರು ಎಂಬುದನ್ನು ಇಲ್ಲಿ ದಾಖಲಿಸಬೇಕು. ಮೌಂಡ್ ಬಾಯು ಪಟ್ಟಣದ ಶಸ್ತ್ರಚಿಕಿತ್ಸಕ ಡಾ. ಟಿ. ಆರ್. ಎಂ. ಹೋವರ್ಡ್ ತಮ್ಮ ಮನೆಯನ್ನೇ ಮೇಮಿ ಟಿಲ್ ಅವರಿಗೂ, ಸಾಕ್ಷಿಗಳಿಗೂ, ಪತ್ರಕರ್ತರಿಗೂ ಆಶ್ರಯವಾಗಿ ತೆರೆದಿಟ್ಟರು. ಅದರ ಫಲವಾಗಿ ಬಂದ ಬೆದರಿಕೆಗಳಿಂದ ಅವರು ಮುಂದೆ ಮಿಸಿಸಿಪ್ಪಿಯನ್ನೇ ತೊರೆಯಬೇಕಾಯಿತು.

ಕ್ಯಾರೊಲಿನ್ ಬ್ರಯಂಟ್ ಅವರ ಹೇಳಿಕೆಯನ್ನು ನ್ಯಾಯಾಧೀಶರು ಜ್ಯೂರಿಯನ್ನು ಹೊರಗೆ ಕಳುಹಿಸಿ ಆಲಿಸಿದರು. ಹುಡುಗ ತನ್ನ ಕೈ ಹಿಡಿದ, ಸೊಂಟ ಹಿಡಿದ, ಅಶ್ಲೀಲ ಮಾತನಾಡಿದ ಎಂದು ಆಕೆ ಪ್ರಮಾಣ ಮಾಡಿ ಹೇಳಿದರು. ಕೊಲೆಯ ಪ್ರಶ್ನೆಗೆ ಇದು ಸಂಬಂಧಿಸಿದ್ದಲ್ಲವೆಂದು ನ್ಯಾಯಾಧೀಶರು ಅದನ್ನು ಜ್ಯೂರಿಯ ಕಿವಿಗೆ ಬೀಳದಂತೆ ತಡೆದರು. ಕಾನೂನಿನ ದೃಷ್ಟಿಯಿಂದ ಈ ನಿರ್ಣಯ ಸರಿಯೇ. ಆದರೆ ಅದರಿಂದ ಇನ್ನೊಂದು ಪರಿಣಾಮವೂ ಆಯಿತು: ಆ ಹೇಳಿಕೆ ಸುಳ್ಳೋ ನಿಜವೋ ಎಂಬ ಪರೀಕ್ಷೆಯೂ ಜ್ಯೂರಿಯೆದುರು ನಡೆಯಲಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಆರೋಪ, ಯಾರೂ ಪರೀಕ್ಷಿಸದ ಆರೋಪವಾಗಿಯೇ ಉಳಿಯಿತು.

ದೇಹ ಯಾರದು?

ಆರೋಪಿಗಳ ಪರ ವಕೀಲರು ಹಿಡಿದ ದಾರಿ ಬೇರೆ. ಕೊಂದವರು ಯಾರು ಎಂಬ ಪ್ರಶ್ನೆಯ ಜಾಗದಲ್ಲಿ ಅವರು ಸತ್ತವನು ಯಾರು ಎಂಬ ಪ್ರಶ್ನೆಯನ್ನು ತಂದು ನಿಲ್ಲಿಸಿದರು. ಷೆರಿಫ್ ಸ್ಟ್ರೈಡರ್ ಆರೋಪಿಗಳ ಪರವಾಗಿಯೇ ಸಾಕ್ಷಿ ನುಡಿದು, ಶವ ನೀರಿನಲ್ಲಿ ಕನಿಷ್ಠ ಹತ್ತು ದಿನ ಇದ್ದಂತಿತ್ತು, ಅದು ಕಪ್ಪು ಮನುಷ್ಯನದೋ ಬಿಳಿಯನದೋ ಹೇಳಲಾಗದು ಎಂದ. ಗ್ರೀನ್‌ವುಡ್‌ನ ವೈದ್ಯ ಡಾ. ಎಲ್. ಬಿ. ಆಟ್ಕೆನ್ ಅದನ್ನೇ ಅನುಮೋದಿಸಿದರು: ಎಂಟು-ಹತ್ತು ದಿನಗಳಾದರೂ ಆಗಿರಬೇಕು, ಗುರುತಿಸುವುದು ಅಸಾಧ್ಯ. ಶವಸಂರಕ್ಷಕನೊಬ್ಬನೂ ಇದೇ ಮಾತು ಹೇಳಿದ. ಎಮ್ಮೆಟ್ ಕಾಣೆಯಾಗಿ ಮೂರೇ ದಿನ ಆಗಿದ್ದುದರಿಂದ, ಈ ಲೆಕ್ಕ ನಿಜವಾದರೆ ಶವ ಅವನದಾಗಿರಲು ಸಾಧ್ಯವಿಲ್ಲ.

ಈ ಸಾಕ್ಷ್ಯ ವೈದ್ಯಶಾಸ್ತ್ರದ ದೃಷ್ಟಿಯಿಂದ ನಿಲ್ಲುವುದೇ? ಶವವು ಕೊಳೆಯುವ ವೇಗವನ್ನು ನಿರ್ಧರಿಸುವ ಅಂಶಗಳಲ್ಲಿ ಉಷ್ಣತೆ ಮುಖ್ಯವಾದುದು. ತಣ್ಣನೆಯ ನೀರಿನಲ್ಲಿ ಶವ ವಾರಗಟ್ಟಲೆ ಹೆಚ್ಚು ಬದಲಾವಣೆಯಿಲ್ಲದೆ ಉಳಿಯಬಹುದು. ಮಿಸಿಸಿಪ್ಪಿಯ ಆಗಸ್ಟ್ ತಿಂಗಳ ಬೆಚ್ಚನೆಯ ನದಿಯಲ್ಲಿ ಎರಡು-ಮೂರು ದಿನಗಳಲ್ಲೇ ಬ್ಯಾಕ್ಟೀರಿಯಾಗಳು ಉತ್ಪಾದಿಸುವ ಅನಿಲದಿಂದ ದೇಹ ಊದಿಕೊಂಡು ವಿಕಾರವಾಗುತ್ತದೆ. ನೀರಿನಿಂದ ಹೊರತೆಗೆದ ಮೇಲೆ ಗಾಳಿಯಲ್ಲಿ ಅದು ಇನ್ನೂ ತ್ವರಿತವಾಗಿ ಕೆಡುತ್ತದೆ. ಆದ್ದರಿಂದ ಊದಿಕೊಂಡ ಶವವನ್ನು ಬರಿಗಣ್ಣಿನಿಂದ ನೋಡಿದ ಮಾತ್ರಕ್ಕೆ ಹತ್ತು ದಿನ ಎಂದು ನಿರ್ಣಯಿಸಲು ಯಾವ ಆಧಾರವೂ ಇಲ್ಲ.

ಬಣ್ಣದ ಪ್ರಶ್ನೆಯೂ ಹಾಗೆಯೇ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇರುವುದು ಹೊರಪದರದಲ್ಲಿ. ನೀರಿನಲ್ಲಿ ಬಿದ್ದ ಶವದಲ್ಲಿ ಈ ಹೊರಪದರ ಸಡಿಲಗೊಂಡು ಕಳಚಿಹೋಗುತ್ತದೆ; ಕೆಳಗಿನ ಪದರ ಎಲ್ಲ ಜನಾಂಗದವರಲ್ಲೂ ಪೇಲವವಾಗಿಯೇ ಇರುತ್ತದೆ. ಮನುಷ್ಯ ಮನುಷ್ಯರ ನಡುವೆ ಇಷ್ಟೆಲ್ಲ ಹಿಂಸೆಗೆ ಕಾರಣವಾದ ಬಣ್ಣವು ಕಾಗದದಷ್ಟು ತೆಳುವಾದ ಒಂದು ಪದರದಲ್ಲಿದೆ. ಆ ಪದರ ಕಳಚಿದ್ದನ್ನೇ ಈ ವಿಚಾರಣೆಯಲ್ಲಿ ಕೊಲೆಗಾರರ ರಕ್ಷಣೆಗೆ ಬಳಸಲಾಯಿತು. ಶವ ಸಿಕ್ಕ ದಿನ ಅಧಿಕಾರಿಗಳಿಗೆ ಈ ಸಂದೇಹ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಆ ದಿನ ಅವರು ಅದನ್ನು ಒಪ್ಪಿಸಿದ್ದು ಕಪ್ಪು ಜನಾಂಗದ ಶವಸಂಸ್ಕಾರಗಾರನಿಗೆ.

ಮರಣೋತ್ತರ ಪರೀಕ್ಷೆ ನಡೆದಿದ್ದರೆ ಈ ವಾದ ಉಳಿಯುತ್ತಿರಲಿಲ್ಲ. ಆರೋಪಿಗಳಿಗೆ ಬೇಕಾದದ್ದು ಒಂದು ಸಂದೇಹ ಮಾತ್ರ. ಹಾಗಾದರೆ ಎಮ್ಮೆಟ್‌ನ ಉಂಗುರ ಧರಿಸಿದ್ದ ಆ ದೇಹ ಬೇರೆ ಯಾರದು ಎಂದು ವಿವರಿಸುವ ಹೊಣೆ ಕಾನೂನಿನ ಪ್ರಕಾರ ಅವರ ಮೇಲಿರಲಿಲ್ಲ. ಸೆಪ್ಟೆಂಬರ್ 23ರಂದು ಜ್ಯೂರಿ 67 ನಿಮಿಷಗಳಲ್ಲಿ ಮರಳಿ ಬಂದು ನಿರ್ದೋಷಿಗಳೆಂದು ಸಾರಿತು. ನಡುವೆ ತಂಪು ಪಾನೀಯ ಕುಡಿಯಲು ನಿಲ್ಲದಿದ್ದರೆ ಇಷ್ಟೂ ಹೊತ್ತು ಹಿಡಿಯುತ್ತಿರಲಿಲ್ಲ ಎಂದು ಒಬ್ಬ ಸದಸ್ಯ ಹೇಳಿದ್ದು ಪತ್ರಿಕೆಗಳಲ್ಲಿ ದಾಖಲಾಗಿದೆ.

ತಪ್ಪೊಪ್ಪಿಗೆಯೂ ಕಾನೂನಿನ ಗೋಡೆಯೂ

ಅಪಹರಣದ ಆರೋಪ ಉಳಿದಿತ್ತು. ಗ್ರ್ಯಾಂಡ್ ಜ್ಯೂರಿ ಎಂದರೆ, ಮೊಕದ್ದಮೆ ಹೂಡಲು ಸಾಕಷ್ಟು ಆಧಾರವಿದೆಯೇ ಎಂದು ಮೊದಲೇ ನಿರ್ಧರಿಸುವ ನಾಗರಿಕರ ಮಂಡಲಿ. ಈ ಮಂಡಲಿ ಸೇರುವ ಮೊದಲು, ಎಮ್ಮೆಟ್‌ನ ತಂದೆ ಲೂಯಿಸ್ ಟಿಲ್ 1945ರಲ್ಲಿ ಇಟಲಿಯಲ್ಲಿ ಸೈನಿಕ ನ್ಯಾಯಾಲಯದ ತೀರ್ಪಿನಂತೆ ಅತ್ಯಾಚಾರ ಮತ್ತು ಕೊಲೆಗಾಗಿ ಗಲ್ಲಿಗೇರಿದ್ದನೆಂಬ ಗೋಪ್ಯ ಮಾಹಿತಿ ಪತ್ರಿಕೆಗಳಲ್ಲಿ ಹರಿದಾಡಿತು. ಸತ್ತ ತಂದೆಯ ಮೇಲಿನ ತೀರ್ಪಿಗೂ ಸತ್ತ ಮಗನ ಅಪಹರಣಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಅದು ತನ್ನ ಕೆಲಸ ಮಾಡಿತು. ನವೆಂಬರ್ 1955ರಲ್ಲಿ ಲೆಫ್ಲೋರ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ ದೋಷಾರೋಪಣೆಗೆ ನಿರಾಕರಿಸಿತು. ಅಪಹರಣವನ್ನು ಸ್ವತಃ ಒಪ್ಪಿಕೊಂಡವರು ಆ ಆರೋಪದಿಂದಲೂ ಪಾರಾದರು.

1956ರ ಜನವರಿಯಲ್ಲಿ ‘ಲುಕ್’ ಪತ್ರಿಕೆ ವಿಲಿಯಂ ಬ್ರ್ಯಾಡ್‌ಫರ್ಡ್ ಹ್ಯೂಯಿ ಅವರ ಲೇಖನವನ್ನು ಪ್ರಕಟಿಸಿತು. ಅದರಲ್ಲಿ ಹಣ ಪಡೆದ ಮೈಲಮ್ ಮತ್ತು ಬ್ರಯಂಟ್, ಹುಡುಗನನ್ನು ಹೊಡೆದು, ಗುಂಡಿಟ್ಟು, ನದಿಗೆ ಎಸೆದ ಕಥೆಯನ್ನು ಬಹಿರಂಗವಾಗಿ ಬಿಚ್ಚಿಟ್ಟರು. ಒಂದೇ ಅಪರಾಧಕ್ಕೆ ಒಬ್ಬನನ್ನು ಎರಡು ಸಲ ವಿಚಾರಣೆಗೆ ಒಳಪಡಿಸಬಾರದೆಂಬ ತತ್ತ್ವ ಅಮೆರಿಕದ ಸಂವಿಧಾನದ ಐದನೆಯ ತಿದ್ದುಪಡಿಯಲ್ಲಿದೆ. ಭಾರತದ ಸಂವಿಧಾನದ 20(2)ನೆಯ ವಿಧಿಯೂ ಇದಕ್ಕೆ ಹತ್ತಿರದ್ದು; ಆದರೆ ಅದು ವಿಚಾರಣೆಯ ಜೊತೆಗೆ ಶಿಕ್ಷೆಯೂ ಆಗಿದ್ದವರಿಗೆ ರಕ್ಷಣೆ ಕೊಡುತ್ತದೆ, ಬಿಡುಗಡೆಯಾದವರಿಗೆ ರಕ್ಷಣೆ ಬರುವುದು ದಂಡ ಪ್ರಕ್ರಿಯೆಯ ಕಾನೂನಿನಿಂದ. ನಿರಪರಾಧಿಯನ್ನು ಸರ್ಕಾರ ಮತ್ತೆ ಮತ್ತೆ ಕಾಡದಿರಲೆಂದು ಇರುವ ಅಮೂಲ್ಯ ತತ್ತ್ವವಿದು. ಇಲ್ಲಿ ಅದರ ನೆರಳಿನಲ್ಲಿ ನಿಂತವರು ಅಪರಾಧಿಗಳು. ಅವರ ಕಥೆಯೂ ಪೂರ್ಣ ಸತ್ಯವಲ್ಲ: ವಿಲ್ಲಿ ರೀಡ್ ಸದ್ದು ಕೇಳಿದ ಕೊಟ್ಟಿಗೆಯೂ, ಜೊತೆಗಿದ್ದ ಇತರರೂ ಅದರಲ್ಲಿ ಮಾಯವಾಗಿದ್ದರು.

ಕೊಲೆ ರಾಜ್ಯದ ಕಾನೂನಿಗೆ ಒಳಪಟ್ಟ ಅಪರಾಧವಾದ್ದರಿಂದ ತನಗೆ ಅಧಿಕಾರವಿಲ್ಲವೆಂದು ಎಫ್‌ಬಿಐ ಕೈತೊಳೆದುಕೊಂಡಿತು. ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ತಾಯಿ ಕಳುಹಿಸಿದ ತಂತಿಗೆ ಉತ್ತರ ಬರಲಿಲ್ಲ. ಮೈಲಮ್ 1980ರಲ್ಲಿ, ಬ್ರಯಂಟ್ 1994ರಲ್ಲಿ, ಇಬ್ಬರೂ ಕ್ಯಾನ್ಸರಿನಿಂದ ಸತ್ತರು. ವಿಚಾರಣೆಗೆ ಮುಂಚೆ ಬಂಧನದಲ್ಲಿದ್ದ ದಿನಗಳನ್ನು ಬಿಟ್ಟರೆ ಈ ಕೊಲೆಗಾಗಿ ಇಬ್ಬರೂ ಒಂದು ದಿನವೂ ಸೆರೆಮನೆಯಲ್ಲಿರಲಿಲ್ಲ. ಊರು ಬಿಡಬೇಕಾಗಿ ಬಂದದ್ದು ಸಾಕ್ಷಿಗಳಿಗೆ. ಮೋಸಸ್ ರೈಟ್ ಬೆಳೆದು ನಿಂತ ಹತ್ತಿಯನ್ನು ಬಿಟ್ಟು ಷಿಕಾಗೋ ಸೇರಿದರು. ವಿಲ್ಲಿ ರೀಡ್ ಅಲ್ಲಿಗೆ ಹೋದ ಮೇಲೆ ಮಾನಸಿಕ ಆಘಾತದಿಂದ ಆಸ್ಪತ್ರೆಗೆ ಸೇರಬೇಕಾಯಿತು. ಅನಂತರ ಹೆಸರು ಬದಲಿಸಿಕೊಂಡು, ಆಸ್ಪತ್ರೆಯೊಂದರಲ್ಲಿ ಆರ್ಡರ್ಲಿಯಾಗಿ ದುಡಿದು, ಹಲವು ವರ್ಷ ತನ್ನ ಹೆಂಡತಿಗೂ ಈ ವಿಷಯ ತಿಳಿಸದೆ ಬದುಕಿದರು.

ಆದರೆ ಆ ದೇಹವನ್ನು ಕಂಡ ಜನ ಸುಮ್ಮನಾಗಲಿಲ್ಲ. 1955ರ ನವೆಂಬರ್ 27ರಂದು ಡಾ. ಹೋವರ್ಡ್ ಅಲಬಾಮದ ಮಾಂಟ್‌ಗೊಮರಿಯ ಚರ್ಚಿನಲ್ಲಿ ಈ ಪ್ರಕರಣದ ಬಗ್ಗೆ ಮಾತನಾಡಿದಾಗ ಸಭಿಕರಲ್ಲಿ ರೋಸಾ ಪಾರ್ಕ್ಸ್ ಇದ್ದರು. ನಾಲ್ಕು ದಿನಗಳ ನಂತರ ಅವರು ಬಸ್ಸಿನಲ್ಲಿ ತಮ್ಮ ಆಸನ ಬಿಟ್ಟುಕೊಡಲು ಒಪ್ಪಲಿಲ್ಲ. ನಾಗರಿಕ ಹಕ್ಕುಗಳ ಚಳವಳಿಯ ಒಂದು ಮಹತ್ವದ ಅಧ್ಯಾಯ ಅಲ್ಲಿಂದ ಆರಂಭವಾಯಿತು.

ಗೋರಿಯಿಂದ ಬಂದ ಸಾಕ್ಷ್ಯ

2003ರ ಜನವರಿ 6ರಂದು ಮೇಮಿ ಟಿಲ್-ಮೋಬ್ಲಿ ತೀರಿಕೊಂಡರು. 2004ರಲ್ಲಿ ನ್ಯಾಯ ಇಲಾಖೆ ಪ್ರಕರಣವನ್ನು ಮತ್ತೆ ತೆರೆಯಿತು. 2005ರ ಜೂನ್ 1ರಂದು ಬರ್ ಓಕ್ ಸ್ಮಶಾನದಿಂದ ಶವಪೆಟ್ಟಿಗೆಯನ್ನು ಹೊರತೆಗೆದು, ಐವತ್ತು ವರ್ಷ ತಡವಾಗಿ ಮೊದಲ ಮರಣೋತ್ತರ ಪರೀಕ್ಷೆ ನಡೆಸಲಾಯಿತು. ಬಂಧುಗಳ ಡಿಎನ್‌ಎಯೊಂದಿಗಿನ ಹೋಲಿಕೆಯಿಂದ ಅದು ಎಮ್ಮೆಟ್ ಟಿಲ್‌ನ ದೇಹವೇ ಎಂದು ಸಿದ್ಧವಾಯಿತು. ತಲೆಬುರುಡೆಯಲ್ಲಿ ವ್ಯಾಪಕ ಮುರಿತಗಳು, ಲೋಹದ ಚೂರುಗಳು, ಮುರಿದ ತೊಡೆಮೂಳೆ, ಮುರಿದ ಮಣಿಕಟ್ಟುಗಳು ಕಂಡುಬಂದವು. ತಲೆಗೆ ಬಿದ್ದ ಗುಂಡೇಟು ಸಾವಿಗೆ ಕಾರಣವೆಂದು ವರದಿ ಹೇಳಿತು. ಸಮ್ನರ್ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಿದ ವೈದ್ಯಕೀಯ ಸಾಕ್ಷ್ಯ ತಪ್ಪೆಂದು ಅಂದು ಸಾಬೀತಾಯಿತು. ತಾಯಿ ಮಾತ್ರ ಅದನ್ನು ಕೇಳಲು ಉಳಿದಿರಲಿಲ್ಲ.

ಕೇಂದ್ರ ಕಾನೂನಿನ ಕಾಲಮಿತಿ ಎಂದೋ ಮೀರಿತ್ತು. ಎಫ್‌ಬಿಐ ತನ್ನ ವರದಿಯನ್ನು ಮಿಸಿಸಿಪ್ಪಿಗೆ ಒಪ್ಪಿಸಿತು. ಬದುಕಿದ್ದವರಲ್ಲಿ ಪ್ರಶ್ನೆ ಎದುರಿಸಬೇಕಾದವರು ಕ್ಯಾರೊಲಿನ್ ಒಬ್ಬರೇ ಎನ್ನುವಂತಾಗಿತ್ತು. ಆ ರಾತ್ರಿ ವಾಹನದಿಂದ ಬಂದ ತೆಳು ದನಿ ಆಕೆಯದೇ? 2007ರ ಫೆಬ್ರವರಿಯಲ್ಲಿ ಗ್ರ್ಯಾಂಡ್ ಜ್ಯೂರಿ ಆಕೆಯ ಮೇಲೆ ದೋಷಾರೋಪಣೆ ಹೊರಿಸಲು ಸಾಕಷ್ಟು ಆಧಾರವಿಲ್ಲವೆಂದಿತು.

ಆರೋಪದ ಸತ್ಯಾಸತ್ಯತೆ

ಕ್ಯಾರೊಲಿನ್ ಹೇಳಿದ್ದು ಸುಳ್ಳೆಂದು ನಂಬಲು ಮುಖ್ಯ ಆಧಾರ ಹೇಳಿಕೆಯ ಬೆಳವಣಿಗೆಯೇ. ಸೆಪ್ಟೆಂಬರ್ ಮೊದಲ ವಾರ ತನ್ನ ಕಡೆಯ ವಕೀಲರಿಗೆ ಹೇಳಿದ ವಿವರಣೆಯಲ್ಲಿ ಇಲ್ಲದ ಘೋರ ದೌರ್ಜನ್ಯವು ಮೂರು ವಾರಗಳ ನಂತರ ಸಾಕ್ಷಿಕಟ್ಟೆಯಲ್ಲಿ ಸೇರಿಕೊಂಡಿತ್ತು. ಪ್ರತ್ಯಕ್ಷ ಸಾಕ್ಷಿಗಳಾದ ಹುಡುಗರ ಮಾತಿಗೂ ಅದಕ್ಕೂ ಹೊಂದಿಕೆಯಿಲ್ಲ.

2017ರಲ್ಲಿ ಇತಿಹಾಸಕಾರ ಟಿಮೊಥಿ ಟೈಸನ್ ತಮ್ಮ ಪುಸ್ತಕದಲ್ಲಿ, 2008ರ ಸಂದರ್ಶನವೊಂದರಲ್ಲಿ ಆಕೆ ಆ ಭಾಗ ನಿಜವಲ್ಲವೆಂದು ತಮ್ಮೆದುರು ಒಪ್ಪಿದರೆಂದು ಬರೆದರು. ಜಗತ್ತಿನಾದ್ಯಂತ ಸುದ್ದಿಯಾದ ಈ ಮಾತನ್ನು ಎಚ್ಚರಿಕೆಯಿಂದ ನೋಡಬೇಕು. ನ್ಯಾಯ ಇಲಾಖೆ ತನಿಖೆ ನಡೆಸಿದಾಗ ಧ್ವನಿಮುದ್ರಣದಲ್ಲಿ ಆ ಒಪ್ಪಿಗೆ ಸಿಗಲಿಲ್ಲ. ಹಾಗೆ ಹೇಳಿಲ್ಲವೆಂದು ಆಕೆ ಎಫ್‌ಬಿಐಗೆ ತಿಳಿಸಿದರು. 2021ರ ಡಿಸೆಂಬರ್ 6ರಂದು ಇಲಾಖೆ ಕಡತ ಮುಚ್ಚಿತು. ಆಕೆಯ ಹೇಳಿಕೆಯ ವಿಶ್ವಾಸಾರ್ಹತೆಯ ಬಗ್ಗೆ ಗಣನೀಯ ಸಂದೇಹವಿದೆ ಎಂದು ದಾಖಲಿಸಿತಾದರೂ, ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿದರೆಂದು ನ್ಯಾಯಾಲಯದಲ್ಲಿ ರುಜುವಾತುಪಡಿಸಲು ಸಾಧ್ಯವಿಲ್ಲವೆಂದಿತು. ಸುಳ್ಳು ಆರೋಪದಿಂದ ಹುಟ್ಟಿದ ಪ್ರಕರಣದಲ್ಲಿ, ಆರೋಪಿಸಿದವರ ವಿರುದ್ಧವೂ ಪ್ರಮಾಣವಿಲ್ಲದ ಮಾತನ್ನು ಬಳಸಬಾರದೆಂಬ ಈ ನಿಯಮ ನಮಗೆ ಕಹಿಯಾಗಿ ಕಾಣಬಹುದು. ಎಮ್ಮೆಟ್‌ಗೆ 1955ರಲ್ಲಿ ಸಿಗಬೇಕಾಗಿದ್ದದ್ದೂ ಇದೇ ನಿಯಮದ ರಕ್ಷಣೆ.

2022ರ ಜೂನ್ ತಿಂಗಳಲ್ಲಿ ಲೆಫ್ಲೋರ್ ಕೌಂಟಿ ನ್ಯಾಯಾಲಯದ ನೆಲಮಾಳಿಗೆಯಲ್ಲಿ 1955ರ ಆಗಸ್ಟ್ 29ರ ಒಂದು ಬಂಧನದ ವಾರಂಟ್ ಸಿಕ್ಕಿತು. ಅದರಲ್ಲಿ ‘ಶ್ರೀಮತಿ ರಾಯ್ ಬ್ರಯಂಟ್’ ಅವರ ಹೆಸರಿತ್ತು. ಅದನ್ನು ಜಾರಿ ಮಾಡಿಯೇ ಇರಲಿಲ್ಲ. ಆಗಸ್ಟ್‌ನಲ್ಲಿ ಮತ್ತೊಂದು ಗ್ರ್ಯಾಂಡ್ ಜ್ಯೂರಿ ಕೂತು, ಅಪಹರಣ ಮತ್ತು ನರಹತ್ಯೆಯ ದೋಷಾರೋಪಣೆಗೆ ನಿರಾಕರಿಸಿತು. 2023ರ ಏಪ್ರಿಲ್‌ನಲ್ಲಿ ಕ್ಯಾರೊಲಿನ್ 88ನೆಯ ವಯಸ್ಸಿನಲ್ಲಿ ನಿಧನರಾದರು.

ಅವನ ಹೆಸರಿನ ಕಾನೂನುಗಳು

ಶಿಕ್ಷೆ ಯಾರಿಗೂ ಆಗಲಿಲ್ಲ. ಕಾನೂನುಗಳು ಮಾತ್ರ ಬಂದವು. ಹಳೆಯ ಜನಾಂಗೀಯ ಕೊಲೆಗಳ ತನಿಖೆಗೆ ಅವಕಾಶ ನೀಡುವ ‘ಎಮ್ಮೆಟ್ ಟಿಲ್’ ಕಾಯ್ದೆ 2008ರಲ್ಲಿ ಜಾರಿಗೆ ಬಂತು. 2016ರಲ್ಲಿ ಅದನ್ನು ವಿಸ್ತರಿಸಲಾಯಿತು. ಲಿಂಚಿಂಗ್ ಅನ್ನು ಕೇಂದ್ರ ಅಪರಾಧವಾಗಿಸುವ ಮೊದಲ ಮಸೂದೆಯನ್ನು 1900ರಲ್ಲಿ, ಆಗ ಕಾಂಗ್ರೆಸ್ಸಿನ ಏಕೈಕ ಕಪ್ಪು ಸದಸ್ಯರಾಗಿದ್ದ ಜಾರ್ಜ್ ಹೆನ್ರಿ ವೈಟ್ ಮಂಡಿಸಿದ್ದರು. ಅಲ್ಲಿಂದ ಸುಮಾರು ಇನ್ನೂರು ಪ್ರಯತ್ನಗಳು ವಿಫಲವಾದವು. 2022ರ ಮಾರ್ಚ್ 29ರಂದು ‘ಎಮ್ಮೆಟ್ ಟಿಲ್ ಲಿಂಚಿಂಗ್ ವಿರೋಧಿ ಕಾಯ್ದೆ’ಗೆ ಅಧ್ಯಕ್ಷ ಬೈಡನ್ ಅಂಕಿತ ಹಾಕಿದರು. ಗರಿಷ್ಠ ಶಿಕ್ಷೆ 30 ವರ್ಷ. ಒಂದು ಸಾಲಿನ ನ್ಯಾಯಸೂತ್ರ ಕಾನೂನಾಗಲು 122 ವರ್ಷ ಹಿಡಿಯಿತು.

2007ರಲ್ಲಿ ಟ್ಯಾಲಹ್ಯಾಚಿ ಕೌಂಟಿಯ ನಾಗರಿಕರ ಸಮಿತಿಯೊಂದು, ಖುಲಾಸೆಯ ತೀರ್ಪು ಹೊರಬಿದ್ದ ಅದೇ ನ್ಯಾಯಾಲಯದ ಮುಂದೆ, ಟಿಲ್ ಕುಟುಂಬದ ಕ್ಷಮೆ ಕೇಳಿತು. ನದಿಯ ದಡದಲ್ಲಿ ನಿಲ್ಲಿಸಿದ ಸ್ಮಾರಕ ಫಲಕಕ್ಕೆ ಮಾತ್ರ ಮತ್ತೆ ಮತ್ತೆ ಗುಂಡು ಬಿದ್ದವು. 2019ರಲ್ಲಿ ಗುಂಡು ತೂರದಂತಹ ಫಲಕವನ್ನು ನೆಡಬೇಕಾಯಿತು. ಕ್ಷಮೆ ಕೇಳುವವರೂ ಗುಂಡು ಹಾರಿಸುವವರೂ ಒಂದೇ ಸೀಮೆಯಲ್ಲಿದ್ದಾರೆ.

ಸಮ್ನರ್ ನ್ಯಾಯಾಲಯವನ್ನು 1955ರಲ್ಲಿ ಇದ್ದಂತೆಯೇ ಮರಳಿ ಸಜ್ಜುಗೊಳಿಸಲಾಗಿದೆ. 2023ರ ಜುಲೈ 25ರಂದು, ಎಮ್ಮೆಟ್ ಬದುಕಿದ್ದರೆ 82 ತುಂಬುತ್ತಿದ್ದ ದಿನ, ಆ ನ್ಯಾಯಾಲಯವನ್ನೂ, ನದಿಯ ದಡವನ್ನೂ, ಷಿಕಾಗೋದ ಚರ್ಚನ್ನೂ ಸೇರಿಸಿ ತಾಯಿ ಮಗ ಇಬ್ಬರ ಹೆಸರಿನಲ್ಲಿ ರಾಷ್ಟ್ರೀಯ ಸ್ಮಾರಕ ಘೋಷಿಸಲಾಯಿತು. ಮೊದಲ ಶವಪೆಟ್ಟಿಗೆ ಈಗ ವಾಷಿಂಗ್ಟನ್‌ನ ಆಫ್ರಿಕನ್-ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ವಸ್ತುಸಂಗ್ರಹಾಲಯದಲ್ಲಿದೆ. ಅಮೆರಿಕಕ್ಕೆ ಬರುವ ಬಂಧುಮಿತ್ರರನ್ನು ನಾವು ಶ್ವೇತಭವನಕ್ಕೂ ಲಿಂಕನ್ ಸ್ಮಾರಕಕ್ಕೂ ಕರೆದೊಯ್ಯುತ್ತೇವೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಈ ಪೆಟ್ಟಿಗೆಯ ಮುಂದೆಯೂ ಕೆಲವು ನಿಮಿಷ ನಿಲ್ಲುವುದು ಒಳ್ಳೆಯದು, ವಿಶೇಷವಾಗಿ ಮಕ್ಕಳೊಂದಿಗೆ. ಹದಿನಾಲ್ಕು ವರ್ಷದ ಹುಡುಗ ಎಷ್ಟು ಚಿಕ್ಕವನು ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.